ತಗಡಿಗಿಂತ ಮೊದಲು ನೆಲ

ಬಂಧುಗಳೇ, ಸಿಂಹಾಚಲಂ ಬೆಟ್ಟದ ಮಗ್ಗುಲಿನ ಕೆಂಪು ಜೇಡಿಯ ಇಳಿಜಾರಿನಲ್ಲಿ ನಮ್ಮ ಸಂಘದ ಕಂಬದ ಷೆಡ್ಡು ಏಳಬೇಕಾಗಿದೆ. ಮೊದಲು ತಗಡು ಹೊದಿಸೋಣ, ನೆಲದ ಕೆಲಸ ಆಮೇಲೆ ಎಂದು ಹಲವರ ವಾದ. ನಾವು ಒಪ್ಪುವುದಿಲ್ಲ.

2025ರ ಏಪ್ರಿಲ್ 30ರ ನಸುಕನ್ನು ಮರೆತೆವೇ? ಚಂದನೋತ್ಸವಕ್ಕೆಂದು ಅವಸರದಲ್ಲಿ ಕಟ್ಟಿದ ಗೋಡೆ ಇದೇ ಬೆಟ್ಟದಲ್ಲಿ ಮಳೆಗೆ ಕುಸಿದು, 300 ರೂಪಾಯಿ ಟಿಕೆಟಿನ ಸಾಲಿನಲ್ಲಿದ್ದ ಏಳು ಜನ ಸತ್ತರು. ಹಿಂದೆ ನಿಂತ ನೀರು ಹೊರಬೀಳಲು ಆ ಗೋಡೆಗೆ ತೂತುಗಳೇ ಇರಲಿಲ್ಲ.

ಜೇಡಿ ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಯಲ್ಲಿ ಉಬ್ಬಿ ಜಾರುತ್ತದೆ. ಮೇಲ್ಬದಿ ಕಡಿದು ಆ ಮಣ್ಣನ್ನೇ ಕೆಳಬದಿಗೆ ಸುರಿದು ಮಟ್ಟ ಮಾಡುವುದು ಅಗ್ಗದ ದಾರಿಯೇನೋ ಹೌದು. ಆದರೆ ಸುರಿದ ಮಣ್ಣಿನಲ್ಲಿ ನಿಂತ ಕಂಬ ಇಂದಲ್ಲ ನಾಳೆ ವಾಲುತ್ತದೆ. ಹುಲ್ಲು ಬೇರಿನ ಮೇಲ್ಮಣ್ಣು ತೆಗೆದು, ಇಳಿಜಾರನ್ನು ಮೆಟ್ಟಿಲಾಗಿ ಕಡಿಯಬೇಕು. ತುಂಬುವುದಿದ್ದರೆ ಗರಸು ತುಂಬಿ, ಗೇಣಿಗಿಂತ ತೆಳುವಾದ ಒಂದೊಂದು ಪದರಕ್ಕೂ ದಿಮ್ಮಸು ಹೊಡೆಯಬೇಕು. ಕಂಬದ ಗುಂಡಿ ಮಾತ್ರ ತುಂಬಿದ್ದನ್ನು ದಾಟಿ ಗಟ್ಟಿ ನೆಲದೊಳಕ್ಕೆ ಇಳಿಯಲೇಬೇಕು. ಕೆಳಬದಿಯಲ್ಲಿ ಇನ್ನೂ ಆಳಕ್ಕೆ.

ಎಲ್ಲಕ್ಕೂ ಮೊದಲು ಮೇಲ್ಬದಿಗೆ ಅಡ್ಡ ಚರಂಡಿ. ಬಚ್ಚಲ ನೀರು ನಿಂತಲ್ಲಿ ಚಪ್ಪಡಿ ಹೇಗೆ ಕುಸಿಯುತ್ತದೆಂದು ಪಾತ್ರೆ ತೊಳೆದು ಬೆಳೆದ ನಮಗೆ ಯಾವ ಎಂಜಿನಿಯರೂ ಹೇಳಿಕೊಡಬೇಕಿಲ್ಲ.

ಆ ಮಾಡಿನ ಕೆಳಗೆ ಮಲಗುವವರು ರಾತ್ರಿ ಪಾಳಿ ಮುಗಿಸಿ ಬಂದ ನಮ್ಮ ಹುಡುಗರೇ. ತಗಡಿಗೆಂದು ಎತ್ತಿಟ್ಟ ಚಂದಾ ಹಣ ಮೊದಲು ಚರಂಡಿಗೆ, ಗುಂಡಿಗೆ ಹೋಗಲಿ. ಮಾಡಿಲ್ಲದೆ ಒಂದು ಮಳೆಗಾಲ ಕಳೆದರೆ ಕಳೆಯಲಿ. ನೀರು ಎಲ್ಲಿ ಹರಿಯುತ್ತದೆಂದು ಕಣ್ಣಾರೆ ನೋಡಿಕೊಳ್ಳೋಣ.