ಕೈಯಿಲ್ಲದ ಜೀವದ ಕೊರಳಿಗೆ ಗಂಟು

ಬೇಸಿಗೆ ರಜೆಯಲ್ಲಿ ದಾವಣಗೆರೆಯ ತಂಗಿಯ ಮನೆಗೆ ಹೋಗಿದ್ದೆ. ಬಾಗಿಲು ತೆರೆದವಳು ತಂಗಿಯ ಮಗಳು, ಎದುರುಗೊಂಡದ್ದು ಅವಳ ನಾಯಿ ಬ್ರೂನೋ. ಮೂರು ವರ್ಷದ ಲ್ಯಾಬ್ರಡಾರ್. ಅದರ ಕೊರಳಿಗೆ ಕೆಂಪು ಚೌಕಳಿಯ ಬಟ್ಟೆಯನ್ನು ಮುಕ್ಕೋನವಾಗಿ ಮಡಚಿ ಗಂಟು ಹಾಕಿದ್ದರು. ಹೊರಗೆ ನೆತ್ತಿ ಸುಡುವ ಬಿಸಿಲು. ಬ್ರೂನೋ ಗೇಣುದ್ದ ನಾಲಿಗೆ ಚಾಚಿಕೊಂಡು ಏದುತ್ತಿತ್ತು.

"ದೊಡ್ಡಮ್ಮ, ಹೇಗಿದೆ ಇದರ ಬಂಡಾನ? ಅಂಗಡಿಯಲ್ಲಿ ಕೊಂಡರೆ ಬಹಳ ದುಬಾರಿ. ನಿಮ್ಮ ಹತ್ತಿರ ರವಿಕೆ ಹೊಲಿದು ಉಳಿದ ತುಂಡುಗಳು ಇರುತ್ತವಲ್ಲ, ವಾರಕ್ಕೆ ಏಳು ಬಣ್ಣದ್ದು ಹೊಲಿದುಕೊಡಿ" ಎಂದಳು.

ನಾನು ಹೊಲಿಯುವುದಿಲ್ಲ ಎಂದೆ. ಅವಳ ಮುಖ ಸಣ್ಣದಾಯಿತು. ಇಷ್ಟು ಚಿಕ್ಕ ಮಾತಿಗೆ ಇಲ್ಲವೆನ್ನಬೇಕಿತ್ತೆ ಎಂದು ತಂಗಿಯೂ ಒಳಗಿನಿಂದಲೇ ಗೊಣಗಿದಳು. ಅಂದು ಅವರಿಗೆ ಹೇಳಿದ್ದನ್ನು, ಹೇಳದೆ ಉಳಿಸಿಕೊಂಡದ್ದನ್ನು ಇಲ್ಲಿ ಹೇಳಿಬಿಡುತ್ತೇನೆ.

ಈ ಬಂಡಾನ ಎಂಬ ಹೆಸರು ಕೇಳಿ ಇದೇನೋ ಪರದೇಶದ ಸೊಗಸು ಎಂದುಕೊಳ್ಳಬೇಡಿ. ನಾವು ಉಡುವ ಬಾಂಧನಿಯೂ ಇದೂ ಒಂದೇ ಬಳ್ಳಿಯವು. ಗಂಟು ಕಟ್ಟಿ ಬಣ್ಣದಲ್ಲಿ ಅದ್ದಿದ ನಮ್ಮ ಚುಕ್ಕಿ ಕರವಸ್ತ್ರಗಳು ಹದಿನೆಂಟನೆಯ ಶತಮಾನದಲ್ಲಿ ಹಡಗು ಹತ್ತಿ ಇಂಗ್ಲೆಂಡಿಗೆ ಹೋದವು, ಅಲ್ಲಿ ಬಂಡಾನ ಎನ್ನಿಸಿಕೊಂಡವು. ಈಗ ತಿರುಗಿ ಬಂದು ನಮ್ಮ ನಾಯಿಗಳ ಕೊರಳನ್ನು ಹಿಡಿದಿವೆ. ಬಟ್ಟೆಯ ಮೇಲೆ ನನಗೆ ಸಿಟ್ಟಿಲ್ಲ. ಕಟ್ಟುವ ಕೈಯ ಮೇಲೆ ಸಿಟ್ಟು.

ಕಟ್ಟುವವರು ಎರಡು ಕಾರಣ ಕೊಡುತ್ತಾರೆ. ಒಂದು ಅಂದ, ಇನ್ನೊಂದು ಹಿತ. ಮೊದಲು ಹಿತದ ಮಾತು ನೋಡೋಣ. ನಮಗೆ ಸೆಕೆಯಾದರೆ ಮೈಯೆಲ್ಲ ಬೆವರುತ್ತದೆ, ಆ ಬೆವರು ಆರುವಾಗ ಮೈ ತಂಪಾಗುತ್ತದೆ. ನಾಯಿಗೆ ಆ ಅನುಕೂಲವಿಲ್ಲ. ಅದು ಬೆವರುವುದು ಹೆಚ್ಚಾಗಿ ಅಂಗಾಲಿನಲ್ಲಿ ಮಾತ್ರ. ಮಿಕ್ಕ ತಾಪವನ್ನೆಲ್ಲ ಅದು ನಾಲಿಗೆ ಚಾಚಿ, ಏದಿ, ಬಾಯಿ ಮತ್ತು ಉಸಿರಿನ ದಾರಿಯ ತೇವವನ್ನು ಆರಿಸಿಯೇ ಕಳೆದುಕೊಳ್ಳಬೇಕು. ಅದರ ಮೈಯ ಬಿಸಿ ಸಹಜವಾಗಿಯೇ 38ರಿಂದ 39 ಡಿಗ್ರಿ ಸೆಲ್ಸಿಯಸ್. 41 ದಾಟಿತೆಂದರೆ ಪ್ರಾಣಕ್ಕೇ ಸಂಚಕಾರ. ಹೀಗಿರುವಾಗ ಉಸಿರಿಗಾಗಿ ಒದ್ದಾಡುವ ಕೊರಳಿಗೇ ನಾವು ಬಟ್ಟೆ ಸುತ್ತುತ್ತೇವೆ!

"ಒದ್ದೆ ಮಾಡಿ ಕಟ್ಟಿದರೆ ತಂಪು" ಎಂದು ಮಾರುವವರು ಹೇಳುತ್ತಾರೆ. ಪೂರಾ ಸುಳ್ಳಲ್ಲ. ಬೇಸಿಗೆಯಲ್ಲಿ ನೀರಿನ ಹೂಜಿಗೆ ಒದ್ದೆ ಬಟ್ಟೆ ಸುತ್ತಿದವರಿಗೆ ಅದರ ಗುಟ್ಟು ಗೊತ್ತು. ಒಣಗಾಳಿ ಬೀಸುತ್ತಿರಬೇಕು, ಬಟ್ಟೆ ಆರುತ್ತಿರಬೇಕು, ಆರಿದೊಡನೆ ಮತ್ತೆ ನೆನೆಸಬೇಕು. ಮಂಗಳೂರಿನಂಥ ಜಿಗುಟು ಸೆಕೆಯಲ್ಲಿ ಅದು ಬೇಗ ಆರುವುದೂ ಇಲ್ಲ. ದಾವಣಗೆರೆಯಲ್ಲಿ ಆರುತ್ತದೆ, ಆದರೆ ಗಂಟೆಗೊಮ್ಮೆ ನೆನೆಸುವ ಪುಣ್ಯಾತ್ಮರು ಯಾರು? ಆರಿದ ಮೇಲೆ ಅದು ಬರಿಯ ಶಾಲು. ಏಪ್ರಿಲ್ ತಿಂಗಳಲ್ಲಿ ಯಾರಾದರೂ ಶಾಲು ಹೊದೆಯುತ್ತಾರೆಯೆ?

ಇನ್ನು ಅಂದದ ಮಾತು. ಅಂದ ಯಾರ ಕಣ್ಣಿಗೆ? ನಾಯಿ ಕನ್ನಡಿ ನೋಡಿಕೊಂಡು ಹಿಗ್ಗುವುದಿಲ್ಲ. ಹಿಗ್ಗುವವರು ನಾವು, ಬೀದಿಯಲ್ಲಿ ಹೋಗುವವರು, ಫೋನಿನಲ್ಲಿ ಚಿತ್ರ ನೋಡುವವರು. ಸ್ನೇಹಿತೆಯರೇ, ಇನ್ನೊಬ್ಬರ ಕಣ್ಣಿಗಾಗಿ ಸಿಂಗರಿಸಿಕೊಳ್ಳುವ ಕಷ್ಟ ನಮಗೆ ತಿಳಿಯದ್ದೆ? ಮೇ ತಿಂಗಳ ಮದುವೆಗೆ ಜರಿ ಸೀರೆ ಉಟ್ಟು, ಕೊರಳ ತುಂಬ ಹೇರಿಕೊಂಡು, ಊಟದ ಪಂಕ್ತಿಯಲ್ಲಿ ಬೆವರಿಳಿಸುತ್ತ ನಗುಮುಖ ಹೊತ್ತು ಕುಳಿತವರು ನಾವೇ ಅಲ್ಲವೆ? ಮೂಗಿಗಿಂತ ಮೂಗುತಿ ಭಾರ ಎಂಬ ಗಾದೆಯನ್ನು ನಮ್ಮ ಅಜ್ಜಿಯರು ಸುಮ್ಮನೆ ಹೇಳಲಿಲ್ಲ. ಆದರೆ ಮನೆಗೆ ಬಂದೊಡನೆ ನಾವು ಅದನ್ನೆಲ್ಲ ಕಳಚಿಟ್ಟು ಉಸ್ಸೆನ್ನುತ್ತೇವೆ. ನಾಯಿಗೆ ಕಳಚಲು ಕೈಯಿಲ್ಲ, ಬೇಡವೆನ್ನಲು ಬಾಯಿಲ್ಲ. ಕಟ್ಟಿದವರು ಬಿಚ್ಚುವತನಕ ಅದು ಹೊತ್ತಿರಬೇಕು.

ಇದನ್ನು ನಾನು ಪುಸ್ತಕ ಓದಿ ಕಲಿತವಳಲ್ಲ. ಹಲವು ವರ್ಷಗಳ ಹಿಂದೆ ನಮ್ಮ ಶಾಲೆಯ ಅಂಗಳದಲ್ಲಿ ಒಂದು ಕಂದು ಮರಿ ಸೇರಿಕೊಂಡಿತ್ತು. ಬಿಸಿಯೂಟದ ಹೊತ್ತಿಗೆ ಮಕ್ಕಳ ಸುತ್ತ ಸುಳಿಯುತ್ತಿತ್ತು. ಏಪ್ರಿಲ್ ರಜೆ ಶುರುವಾಗುವ ಹಿಂದಿನ ದಿನ ಆರನೆಯ ತರಗತಿಯ ಹುಡುಗಿಯೊಬ್ಬಳು ತನ್ನ ಜಡೆಯ ನೈಲಾನ್ ರಿಬ್ಬನ್ನು ಬಿಚ್ಚಿ ಅದರ ಕೊರಳಿಗೆ ಹೂವಿನಂತೆ ಕಟ್ಟಿ ನನ್ನ ಮುಂದೆ ತಂದು ನಿಲ್ಲಿಸಿದಳು. ನಾನು ನಕ್ಕು, "ಒಳ್ಳೇ ಮದುವಣಗಿತ್ತಿ ಇದ್ದ ಹಾಗಿದೆ ಕಣೇ" ಎಂದೆ. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಬಿಚ್ಚಿ ಹೋಗಿ ಎಂದು ಹೇಳಲು ನನಗೆ ತೋಚಲಿಲ್ಲ.

ರಜೆ ಮುಗಿದು ಬಂದಾಗ ಮರಿ ಎರಡರಷ್ಟಾಗಿತ್ತು. ಕೊರಳು ಬೆಳೆದಿತ್ತು, ರಿಬ್ಬನ್ ಬೆಳೆದಿರಲಿಲ್ಲ. ಅದು ಚರ್ಮವನ್ನು ಕೊಯ್ದುಕೊಂಡು ಒಳಗೆ ಇಳಿದು, ಸುತ್ತ ಕೀವು ತುಂಬಿ, ದೂರಕ್ಕೇ ವಾಸನೆ ಬರುತ್ತಿತ್ತು. ಜವಾನನೂ ನಾನೂ ಅದನ್ನು ಗೋಣಿಚೀಲದಲ್ಲಿ ಹಾಕಿಕೊಂಡು ಪಶು ಆಸ್ಪತ್ರೆಗೆ ಒಯ್ದೆವು. ವೈದ್ಯರು ಕತ್ತರಿಸಿ ತೆಗೆದ ರಿಬ್ಬನ್ನಿನ ಬಣ್ಣ ಯಾವುದೆಂದು ಗುರುತು ಸಿಗಲಿಲ್ಲ. ಮರಿ ಬದುಕಿತು. ಆದರೆ ಅದು ಶಾಲೆಯಲ್ಲಿದ್ದಷ್ಟು ಕಾಲ ಯಾರ ಕೈಯನ್ನೂ ಕೊರಳ ಬಳಿಗೆ ಬಿಡಲಿಲ್ಲ. ಆ ಹುಡುಗಿ ಅತ್ತಳು. ಅಳಬೇಕಾದವಳು ನಾನಾಗಿದ್ದೆ. ಅವಳು ಮಗು, ನಾನು ಟೀಚರು.

ಇದನ್ನು ಹೇಳಿದಾಗ ತಂಗಿಯ ಮಗಳು, "ಅದು ಬೀದಿಮರಿ ದೊಡ್ಡಮ್ಮ. ಬ್ರೂನೋನ ಬಟ್ಟೆಯನ್ನು ನಾವು ಬಿಚ್ಚುತ್ತಿರುತ್ತೇವೆ" ಎಂದಳು. ಹಾಗಾದರೆ ಈಗಲೇ ಬಿಚ್ಚು ಎಂದೆ. ಬಿಚ್ಚಿದಳು. ಜೊಲ್ಲು, ನೀರು ಇಳಿದು ಅಡಿಯ ಕೂದಲು ಅಂಟಿಕೊಂಡಿತ್ತು, ಚರ್ಮ ಕೆಂಪಾಗಿತ್ತು, ಎರಡು ಉಣ್ಣೆಗಳು ನಿಶ್ಚಿಂತೆಯಾಗಿ ಕುಳಿತಿದ್ದವು. ಬ್ರೂನೋ ಹಿಂಗಾಲೆತ್ತಿ ಕೊರಳನ್ನು ಎಷ್ಟು ಹೊತ್ತು ಕೆರೆದುಕೊಂಡಿತೆಂದರೆ ನಮ್ಮ ವಾದ ಅಲ್ಲಿಗೇ ನಿಂತಿತು.

ನಾಯಿಗೆ ಬಟ್ಟೆಯೇ ಕೂಡದೆಂದು ನಾನು ಹಟ ಹಿಡಿಯುವುದಿಲ್ಲ. ಕೊಡಗಿನ ಚಳಿಯಲ್ಲಿ ಮುದಿ ನಾಯಿಗೆ, ಕೂದಲು ಕಡಿಮೆಯಿರುವ ನಾಯಿಗೆ ಸ್ವೆಟರು ಬೇಕಾದೀತು. ಶಸ್ತ್ರಚಿಕಿತ್ಸೆಯಾದ ಹೊಲಿಗೆಯನ್ನು ನೆಕ್ಕದಂತೆ ಅಂಗಿ ತೊಡಿಸುತ್ತಾರೆ. ರಾತ್ರಿ ರಸ್ತೆಯಲ್ಲಿ ಮಿನುಗುವ ಪಟ್ಟಿ ಜೀವ ಉಳಿಸಬಹುದು. ಇವೆಲ್ಲ ನಾಯಿಯ ಅಗತ್ಯ ನೋಡಿ ಮಾಡಿದವು. ಹಬ್ಬದ ದಿನ ಐದು ನಿಮಿಷ ಕಟ್ಟಿ, ಚಿತ್ರ ತೆಗೆದು, ಬಿಚ್ಚಿದರೂ ಜಗಳವಿಲ್ಲ. ದಿನವಿಡೀ ಕಟ್ಟಿಟ್ಟು ಅದಕ್ಕೆ ಪ್ರೀತಿ ಎಂದು ಹೆಸರಿಡುವುದಕ್ಕೆ ನನ್ನ ಜಗಳ.

ನಾಯಿಯ ಮೇಲಿನ ಪ್ರೀತಿ ಈ ನಾಡಿಗೆ ಹೊಸದಲ್ಲ. ಸುಮಾರು ಕ್ರಿ.ಶ. 950ರಲ್ಲಿ, ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರನೆಂಬ ವೀರ ಬಹುಮಾನವಾಗಿ ಕೇಳಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಕಾಡುಹಂದಿಯೊಡನೆ ಹೋರಾಡಿ ಕಾಳಿ ಸತ್ತಾಗ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಅದಕ್ಕೆ ಕಲ್ಲು ನಿಲ್ಲಿಸಿ, ಪೂಜೆಗೆಂದು ಭೂಮಿ ಬಿಟ್ಟರು. ಆ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಅದರಲ್ಲಿ ಕಾಳಿ ಹಂದಿಯ ಮೇಲೆ ಬಿದ್ದಿದೆ, ನಾಯಿ ನಾಯಿಯಾಗಿಯೇ ಇದೆ. ಅದು ಏನಾಗಿತ್ತೋ ಅದನ್ನೇ ಮೆಚ್ಚಿ ಕೆತ್ತಿದ್ದಾರೆ.

ನಮ್ಮ ನಾಯಿಗಳಿಗೆ ಕಲ್ಲು ಬೇಡ. ನೆರಳು, ದಿನಕ್ಕೆರಡು ಬಾರಿ ಬದಲಿಸಿದ ನೀರು, ವರ್ಷಕ್ಕೊಮ್ಮೆ ರೇಬೀಸ್ ಚುಚ್ಚುಮದ್ದು, ಬಿಸಿಲೇರುವ ಮೊದಲು ಒಂದು ಸುತ್ತು ತಿರುಗಾಟ ಸಾಕು. ಡಾಂಬರು ರಸ್ತೆಗೆ ಅಂಗೈಯ ಹಿಂಬದಿ ಇಟ್ಟು ನೋಡಿ. ನಿಮ್ಮ ಕೈ ತಾಳದಿದ್ದರೆ ಅದರ ಕಾಲೂ ತಾಳದು.

ಊರಿಗೆ ಬಂದ ಮೇಲೆ ಆ ರವಿಕೆ ತುಂಡುಗಳನ್ನೆಲ್ಲ ಹಳೆಯ ಸೀರೆಯ ಮೇಲೆ ಜೋಡಿಸಿ ಒಂದು ಕೌದಿ ಹೊಲಿದು ಕಳಿಸಿದೆ. ಏಳಲ್ಲ, ಹದಿನಾಲ್ಕು ಬಣ್ಣ ಅದರಲ್ಲಿವೆ. ಮಳೆಗಾಲದಲ್ಲಿ ಬ್ರೂನೋ ಅದರ ಮೇಲೆ ಮಲಗುತ್ತದಂತೆ. ಬೇಡವಾದಾಗ ಎದ್ದು ಹೋಗುತ್ತದಂತೆ.