ಊರಿಗೊಂದು ಫ್ಲೆಕ್ಸ್ ಇದೆ, ಊರಿಗೊಂದು ಪಟ್ಟಿ ಇಲ್ಲ

ಜುಲೈ 26 ಬಂತೆಂದರೆ ನಮ್ಮ ಹಳ್ಳಿಗಳ ಬಸ್ ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ಏಳುತ್ತದೆ. ಮೇಲೆ ಬಾವುಟ, ನಡುವೆ ಬಂದೂಕು ಹಿಡಿದ ಯೋಧ, ಕೆಳಗೆ ಯುವಕ ಸಂಘದ ಪದಾಧಿಕಾರಿಗಳ ಸಾಲು ಸಾಲು ಫೋಟೊ, ಮೂಲೆಯಲ್ಲಿ ಕೈ ಮುಗಿದ ಮುಖಂಡರು. ನಡುವಿನ ಯೋಧ ಯಾರಪ್ಪಾ ಅಂತ ಕೇಳಿದರೆ ಯಾರಿಗೂ ಗೊತ್ತಿಲ್ಲ. ಗೂಗಲ್‌ನಲ್ಲಿ ಸಿಕ್ಕ ಚಿತ್ರ. ಕೆಲವೊಮ್ಮೆ ಆತನ ಸಮವಸ್ತ್ರ ನಮ್ಮ ದೇಶದ್ದೂ ಆಗಿರುವುದಿಲ್ಲ.

ಅದೇ ಊರಿನಲ್ಲಿ ‘ಮಿಲ್ಟ್ರಿ ಮಾವ’ ಅಂತ ಒಬ್ಬರು ಇರುತ್ತಾರೆ. ಅವರ ನಿಜವಾದ ಹೆಸರೇ ಅರ್ಧ ಊರಿಗೆ ಮರೆತುಹೋಗಿದೆ. ಯಾವ ರೆಜಿಮೆಂಟಿನಲ್ಲಿದ್ದರು, ಯಾವ ಗಡಿಯಲ್ಲಿದ್ದರು, ಯುದ್ಧ ನೋಡಿದರಾ ಎಂದು ಸಂಘದ ಹುಡುಗರನ್ನು ಕೇಳಿ ನೋಡಿ. ‘ಏನೋ ಮಿಲ್ಟ್ರಿಲಿದ್ರಂತೆ, ಕ್ಯಾಂಟೀನ್ ಕಾರ್ಡ್ ಐತೆ’ ಅನ್ನುವಷ್ಟರಲ್ಲಿ ಉತ್ತರ ಮುಗಿಯುತ್ತದೆ.

ನಮ್ಮ ತಕರಾರು ಇಷ್ಟೇ. ಗೊತ್ತಿಲ್ಲದ ಯೋಧನಿಗೆ ಹತ್ತು ಅಡಿ ಫ್ಲೆಕ್ಸ್ ಕಟ್ಟುವ ನಾವು, ಗೊತ್ತಿರುವ ಯೋಧರ ಹೆಸರನ್ನು ಒಂದು ಹಾಳೆಯಲ್ಲೂ ಬರೆದಿಟ್ಟಿಲ್ಲ. ಊರಿಂದ ಸೇನೆಗೆ ಎಷ್ಟು ಜನ ಹೋದರು, ಯಾರು ತಿರುಗಿ ಬಂದರು, ಯಾರು ಬರಲಿಲ್ಲ ಎಂಬ ಪಟ್ಟಿ ಎಷ್ಟು ಊರುಗಳ ಬಳಿ ಇದೆ? ಈ ಕೆಲಸ ಮಾಡಬೇಕಾದದ್ದು ಯುವಕ ಸಂಘ. ಮಾಡುತ್ತಿಲ್ಲ.

ಸಂಘ ಅಂದರೆ ಮೊದಲು ಏನಾಗಿತ್ತು

1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಶುರುವಾಯಿತು. ಆಮೇಲೆ ಗ್ರಾಮಸೇವಕರು ಹಳ್ಳಿಗಳಲ್ಲಿ ಯುವಕ ಮಂಡಲ, ಮಹಿಳಾ ಮಂಡಲ ಕಟ್ಟಿಸುತ್ತಾ ಬಂದರು. 1972ರಲ್ಲಿ ನೆಹರು ಯುವ ಕೇಂದ್ರ ಬಂದ ಮೇಲೆ ವಾಲಿಬಾಲ್, ನೆಟ್ಟು, ಕೇರಂ ಬೋರ್ಡು ಬಂದವು. ಸಂಘಕ್ಕೊಂದು ಕೋಣೆ, ಕೋಣೆಯಲ್ಲೊಂದು ಪೇಪರು, ಒಂದು ರೇಡಿಯೊ, ಒಂದು ನಡಾವಳಿ ಪುಸ್ತಕ. ಹಬ್ಬಕ್ಕೊಂದು ನಾಟಕ ಆಡಿಸಿ, ಬಂದ ದುಡ್ಡಲ್ಲಿ ಶಾಲೆಗೆ ಹೆಂಚು ಹೊದಿಸಿದ ಸಂಘಗಳ ಕಥೆ ನಮ್ಮ ಹಿರಿಯರ ಬಾಯಲ್ಲಿ ಈಗಲೂ ಇದೆ.

ಯುದ್ಧ ಬಂದಾಗ ಇದೇ ಕೋಣೆ ಊರಿನ ಕಿವಿ, ಊರಿನ ಬಾಯಿ ಎರಡೂ ಆಗುತ್ತಿತ್ತು. 1962ರಲ್ಲಿ ರಾಷ್ಟ್ರೀಯ ರಕ್ಷಣಾ ನಿಧಿಗೆ ದುಡ್ಡು, ಒಡವೆ ಎತ್ತಿದರು. 1965ರಲ್ಲಿ ಸೋಮವಾರ ಒಂದು ಹೊತ್ತು ಊಟ ಬಿಡಿ ಎಂದು ಶಾಸ್ತ್ರಿಯವರು ಹೇಳಿದಾಗ ಹಳ್ಳಿಯವರೂ ಬಿಟ್ಟರು. 1971ರ ಡಿಸೆಂಬರಿನಲ್ಲಿ ರೇಡಿಯೊ ಸುತ್ತ ಜನ ಸೇರುತ್ತಿದ್ದರು.

ಇವೆಲ್ಲ ದೊಡ್ಡ ಸುದ್ದಿ. ಸಣ್ಣದೊಂದು ಕೆಲಸ ಇತ್ತು, ಅದು ಇವಕ್ಕಿಂತ ದೊಡ್ಡದು. ಗಡಿಯಿಂದ ಬಂದ ಕಾಗದ ಓದಲು ಮನೆಯವರಿಗೆ ಅಕ್ಷರ ಬರುತ್ತಿರಲಿಲ್ಲ. ಓದಿ ಹೇಳುತ್ತಿದ್ದವನು ಸಂಘದ ಹುಡುಗ. ‘ಆಕಳು ಕರು ಹಾಕಿದೆ, ಅಪ್ಪನ ಕೆಮ್ಮು ಕಮ್ಮಿ ಆಗಿದೆ, ಮನಿಯಾರ್ಡರ್ ಬಂತು’ ಎಂದು ಇನ್‌ಲ್ಯಾಂಡ್ ಲೆಟರಿನಲ್ಲಿ ಉತ್ತರ ಬರೆದು, ವಿಳಾಸದ ಕೊನೆಯಲ್ಲಿ ‘56 ಎಪಿಒ’ ಎಂದು ಹಾಕುತ್ತಿದ್ದವನೂ ಅವನೇ. ಎಪಿಒ ಅಂದರೆ ಸೇನೆಯ ಅಂಚೆ ಕಚೇರಿ. ಆ ಸಂಖ್ಯೆಯಿಂದ ಮಗ ಎಲ್ಲಿದ್ದಾನೆಂದು ತಾಯಿಗೆ ತಿಳಿಯುತ್ತಿರಲಿಲ್ಲ, ಕಾಗದ ಮಾತ್ರ ಮಗನಿಗೆ ಮುಟ್ಟುತ್ತಿತ್ತು. ಯುದ್ಧ ನಮ್ಮ ಹಳ್ಳಿಗೆ ಬಂದದ್ದು ಹೀಗೆ, ಸಂಘದ ಹುಡುಗರ ಕೈಬರಹದಲ್ಲಿ.

ಈಗ ಆ ಕೋಣೆಗಳಲ್ಲಿ ಎಷ್ಟೋ ಕಡೆ ಗಣಪತಿ ಹಬ್ಬದ ಶಾಮಿಯಾನ ತುಂಬಿದೆ. ನಡಾವಳಿ ಪುಸ್ತಕ ಗೆದ್ದಲು ತಿಂದಿದೆ, ಇಲ್ಲವೇ ಹಳೆಯ ಅಧ್ಯಕ್ಷರ ಅಟ್ಟದ ಮೇಲಿದೆ.

ನಾಯಿಗೂ ಕಲ್ಲು ನೆಟ್ಟ ನಾಡು

ಹೆಸರು ಬರೆದಿಡುವುದು ನಮ್ಮ ಅಭ್ಯಾಸವೇ ಅಲ್ಲ ಎನ್ನುವವರು ಊರ ಹೊರಗಿನ ವೀರಗಲ್ಲು ನೋಡಲಿ. ದನ ಹೊಡೆದುಕೊಂಡು ಹೋಗಲು ಬಂದವರ ಎದುರು ನಿಂತು ಸತ್ತವನಿಗೆ ಊರು ಕಲ್ಲು ನೆಟ್ಟಿದೆ. ಕೆಳಗೆ ಕಾಳಗ, ಮಧ್ಯೆ ಅಪ್ಸರೆಯರು ಅವನನ್ನು ಒಯ್ಯುವುದು, ಮೇಲೆ ಲಿಂಗ. ಎಷ್ಟೋ ಕಲ್ಲುಗಳ ಮೇಲೆ ಸತ್ತವನ ಹೆಸರೂ ಇದೆ, ಊರಿನ ಹೆಸರೂ ಇದೆ.

ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲನ್ನು ನೆನಪಿಸಿಕೊಳ್ಳಿ. ಅದು ಸುಮಾರು 950ರದ್ದು. ಗಂಗರ ಬೂತುಗನ ಕಡೆಯ ವೀರ ಮಣಲೆರನ ಬಳಿ ಕಾಳಿ ಎಂಬ ನಾಯಿ ಇತ್ತು. ಕಾಡುಹಂದಿಯ ಜೊತೆ ಕಾದಾಡಿ ನಾಯಿಯೂ ಹಂದಿಯೂ ಸತ್ತವು. ಆ ನಾಯಿಗೆ ಕಲ್ಲು ನೆಟ್ಟರು, ಕಲ್ಲಿನ ಪೂಜೆಗೆ ಭೂಮಿ ಬಿಟ್ಟರು, ಪೂಜೆ ಮಾಡದೆ ಉಂಡರೆ ಪಾಪ ಎಂದೂ ಬರೆಸಿದರು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿಯ ಹೆಸರು ಸಾವಿರ ವರ್ಷ ದಾಟಿ ನಮಗೆ ಗೊತ್ತಿದೆ. 1971ರಲ್ಲಿ ನಮ್ಮೂರಿಂದ ಹೋದ ಮನುಷ್ಯರ ಹೆಸರು ಐವತ್ತು ವರ್ಷಕ್ಕೇ ಅಳಿಸುತ್ತಿದೆ.

ಬ್ರಿಟಿಷರೂ ಕಲ್ಲು ನೆಟ್ಟರು. ಮೊದಲ ಮಹಾಯುದ್ಧ ಮುಗಿದ ಮೇಲೆ ದೇಶದ ಎಷ್ಟೋ ಹಳ್ಳಿಗಳಲ್ಲಿ ಫಲಕ ಹಾಕಿದರು. ಈ ಹಳ್ಳಿಯಿಂದ 1914ರಿಂದ 1919ರವರೆಗೆ ಯುದ್ಧಕ್ಕೆ ಇಷ್ಟು ಜನ ಹೋದರು, ಅವರಲ್ಲಿ ಇಷ್ಟು ಜನ ಸತ್ತರು ಎಂಬ ಲೆಕ್ಕ. ಹೆಸರು ಇಲ್ಲ. ಆಳು ಕಳಿಸಿದ ಊರಿಗೆ ರಸೀದಿ ಕೊಟ್ಟ ಹಾಗೆ. ಪರದೇಶದ ಸರ್ಕಾರಕ್ಕೆ ತಲೆ ಲೆಕ್ಕ ಸಾಕಾಗಿತ್ತು. ಸ್ವಂತ ಊರಿಗೂ ಅಷ್ಟೇ ಸಾಕೇ?

2023ರ ಆಗಸ್ಟಿನಲ್ಲಿ ‘ನನ್ನ ಮಣ್ಣು ನನ್ನ ದೇಶ’ ಅಭಿಯಾನದಲ್ಲಿ ಪಂಚಾಯಿತಿಗಳಲ್ಲಿ ಶಿಲಾಫಲಕ ಹಾಕಿಸಿದರು. ಊರಿನ ವೀರರ ಹೆಸರು ಅದರಲ್ಲಿ ಇರಬೇಕಿತ್ತು. ನಿಮ್ಮ ಪಂಚಾಯಿತಿಯ ಫಲಕವನ್ನು ಇವತ್ತೇ ಹೋಗಿ ಓದಿ. ಹೆಸರುಗಳಿದ್ದರೆ ಬಿಟ್ಟುಹೋದವರು ಯಾರು ಎಂದು ಹಿರಿಯರನ್ನು ಕೇಳಿ. ಊರಿನಲ್ಲಿ ಪಟ್ಟಿಯೇ ಇಲ್ಲದಿದ್ದರೆ ಕಲ್ಲು ಕೆತ್ತುವವನು ತಾನೇ ಏನು ಮಾಡಿಯಾನು?

ಬರೆಯದಿದ್ದರೆ ಏನಾಗುತ್ತದೆ

ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರ ಕಥೆ ಇದಕ್ಕೆ ಉತ್ತರ. 1965ರ ಸೆಪ್ಟೆಂಬರ್ 7ರಂದು ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋದವರು ತಿರುಗಿ ಬರಲಿಲ್ಲ. ಅವರು ಹಾರಿಸುತ್ತಿದ್ದದ್ದು ಮಿಸ್ಟೇರ್ ವಿಮಾನ. ಅದಕ್ಕಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ವಿಮಾನವನ್ನು ಹೊಡೆದುರುಳಿಸಿ ಸತ್ತರು ಎಂಬುದು ನಮ್ಮ ಕಡೆಯವರಿಗೆ ಗೊತ್ತಾಗಲೇ ಇಲ್ಲ. ಅದು ಹೊರಬಿದ್ದದ್ದು ಪಾಕಿಸ್ತಾನದ ವಾಯುಪಡೆಯ ಬಗ್ಗೆ ಒಬ್ಬ ವಿದೇಶಿ ಬರೆದ ಪುಸ್ತಕದಿಂದ. ಮಹಾವೀರ ಚಕ್ರ ಬಂದದ್ದು 1988ರಲ್ಲಿ, ಸತ್ತು 23 ವರ್ಷವಾದ ಮೇಲೆ. ವಿಮಾನ ಹಾರಿಸುವ ಅಧಿಕಾರಿಯ ಗತಿ ಹೀಗಾದರೆ, ಲಾರಿ ಓಡಿಸಿದ, ಅಡುಗೆ ಮಾಡಿದ, ಗಾಯಾಳುಗಳನ್ನು ಹೊತ್ತ ನಮ್ಮೂರಿನವರ ಬಗ್ಗೆ ಯಾವ ವಿದೇಶಿ ಪುಸ್ತಕ ಬರೆಯುತ್ತಾನೆ?

2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಜನ ಹೂತುಹೋದರು. ಆರು ದಿನದ ಮೇಲೆ ಜೀವಂತ ಸಿಕ್ಕ, ಫೆಬ್ರುವರಿ 11ರಂದು ತೀರಿಕೊಂಡ ಹನುಮಂತಪ್ಪ ಕೊಪ್ಪದ ಎಲ್ಲರಿಗೂ ನೆನಪಿದ್ದಾರೆ. ಕುಂದಗೋಳ ತಾಲ್ಲೂಕಿನ ಬೆಟದೂರಿನವರು. ನೆನಪಿರಲೇಬೇಕು. ಆದರೆ ಅದೇ ಹಿಮದಡಿ ಕರ್ನಾಟಕದ ಇನ್ನಿಬ್ಬರಿದ್ದರು, ಹಾಸನ ಕಡೆಯ ತೇಜೂರಿನ ಸುಬೇದಾರ್ ನಾಗೇಶ್ ಮತ್ತು ಎಚ್.ಡಿ. ಕೋಟೆ ತಾಲ್ಲೂಕಿನ ಸಿಪಾಯಿ ಮಹೇಶ್. ಈ ಎರಡು ಹೆಸರು ನಿಮ್ಮಲ್ಲಿ ಎಷ್ಟು ಜನಕ್ಕೆ ನೆನಪಿತ್ತು? ಟಿವಿಯ ನೆನಪು ಒಬ್ಬರಿಗೆ ಸಾಕಾಗುವಷ್ಟೇ ಇರುತ್ತದೆ. ಉಳಿದವರನ್ನು ನೆನಪಿಡಬೇಕಾದದ್ದು ಊರು.

ಇನ್ನೊಂದು ಮಾತು. ಮೃತದೇಹ ಊರಿಗೆ ಬಂದು, ಮೆರವಣಿಗೆ ಆಗಿ, ಗುಂಡು ಹಾರಿಸಿ ಗೌರವ ಕೊಡುವ ಪದ್ಧತಿ ಹಳ್ಳಿ ಹಳ್ಳಿಗೆ ಮುಟ್ಟಿದ್ದು 1999ರ ಕಾರ್ಗಿಲ್ ಯುದ್ಧದಿಂದ ಈಚೆಗೆ. ಅದಕ್ಕೆ ಮುಂಚಿನ ಯುದ್ಧಗಳಲ್ಲಿ ಸತ್ತವರ ಅಂತ್ಯಸಂಸ್ಕಾರ ಬಹುಪಾಲು ಗಡಿಯ ಹತ್ತಿರವೇ ಆಗುತ್ತಿತ್ತು. ಮನೆಗೆ ತಂತಿ ಬರುತ್ತಿತ್ತು. ಹಾಗಾಗಿ 1962, 1965, 1971ರಲ್ಲಿ ಸತ್ತವರಿಗೆ ಊರಿನಲ್ಲಿ ಸಮಾಧಿ ಇಲ್ಲ, ಮೆರವಣಿಗೆಯ ಫೋಟೊ ಇಲ್ಲ. ಗೋಡೆಯ ಮೇಲಿನ ಒಂದು ಫೋಟೊ ಬಿಟ್ಟರೆ ಏನೂ ಇಲ್ಲ. ಆ ಮನೆ ಮಾರಾಟವಾದ ದಿನ ಅದೂ ಹೋಗುತ್ತದೆ.

ಯಾರ ಹೆಸರು ಬಿಟ್ಟುಹೋಗುತ್ತದೆ

ಪಟ್ಟಿ ಮಾಡಿದ ಕಡೆಯಲ್ಲೂ ಒಂದು ಮೋಸ ನಡೆಯುತ್ತದೆ. ಊರ ನಡುವಿನ ಬೀದಿಯವರ ಹೆಸರು ಬರುತ್ತದೆ, ಕೇರಿಯವರದು ಬರುವುದಿಲ್ಲ. ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಕಟ್ಟಿದ್ದು 1941ರಲ್ಲಿ ನಮ್ಮ ಬೆಳಗಾವಿಯಲ್ಲೇ. ಅಂದಿನಿಂದ ಇಂದಿನವರೆಗೆ ಕೇರಿಯಿಂದ ಹೋದವರ ಹೆಸರು ಯಾವ ಫ್ಲೆಕ್ಸ್ ಮೇಲಿದೆ? ಸಮವಸ್ತ್ರ ಹಾಕಿ ದೇಶ ಕಾದವರು ರಜೆಗೆ ಬಂದಾಗ ಊರಿನ ಹೋಟೆಲಿನಲ್ಲಿ ಬೇರೆ ಲೋಟದಲ್ಲಿ ಚಹಾ ಕುಡಿದಿದ್ದಾರೆ. ಅದನ್ನೂ ಬರೆಯಬೇಕು. ಮುಚ್ಚಿಟ್ಟರೆ ಪಟ್ಟಿ ಸುಳ್ಳಾಗುತ್ತದೆ.

ಹೆಂಗಸರದೂ ಹಾಗೆಯೇ. ಗಂಡ ಗಡಿಯಲ್ಲಿದ್ದ ಹದಿನೈದು, ಹದಿನೇಳು ವರ್ಷ ಉಳುಮೆಗೆ ಆಳು ಹಿಡಿದು, ಸೊಸೈಟಿ ಸಾಲ ತೀರಿಸಿ, ಅತ್ತೆ ಮಾವನನ್ನು ಮಣ್ಣು ಮಾಡಿ, ಮಕ್ಕಳನ್ನು ಓದಿಸಿದವರು ಯಾವ ಭಾಷಣದಲ್ಲೂ ಬರುವುದಿಲ್ಲ. ಗಂಡ ಸತ್ತರೆ ಮಾತ್ರ ವೇದಿಕೆಗೆ ಕರೆದು ಶಾಲು ಹೊದಿಸುತ್ತೇವೆ. ಪಿಂಚಣಿ ಕಾಗದ ಹಿಡಿದು ಕಚೇರಿ ಅಲೆಯುವಾಗ ಜೊತೆಗೆ ಒಬ್ಬ ಪದಾಧಿಕಾರಿಯೂ ಇರುವುದಿಲ್ಲ.

ಎರಡು ಆಕ್ಷೇಪಕ್ಕೆ ಉತ್ತರ

‘ಫ್ಲೆಕ್ಸ್ ಹಾಕಿದರೆ ತಪ್ಪೇನು, ದೇಶಭಕ್ತಿ ಅಲ್ಲವೇ?’ ಎಂದು ಕೇಳುತ್ತಾರೆ. ಭಕ್ತಿ ಇರಲಿ. ಆದರೆ ಆ ಫ್ಲೆಕ್ಸ್‌ನಲ್ಲಿ ಹದಿನೆಂಟು ಮುಖ ಇದ್ದು, ಅದರಲ್ಲಿ ಸೇನೆಗೆ ಹೋದ ನಿಮ್ಮೂರಿನವರ ಒಂದು ಮುಖವೂ ಇಲ್ಲದಿದ್ದರೆ ಅದು ನಿಮ್ಮದೇ ಜಾಹೀರಾತು. ಯೋಧನನ್ನು ಬಾಡಿಗೆಗೆ ತಂದಿದ್ದೀರಿ, ಅಷ್ಟೇ.

‘ಯುದ್ಧವನ್ನು ಮೆರೆಸುವುದು ಬೇಡ, ಅದಕ್ಕೇ ಸುಮ್ಮನಿದ್ದೇವೆ’ ಎನ್ನುವ ಓದಿದ ಗೆಳೆಯರೂ ಇದ್ದಾರೆ. ಯುದ್ಧವನ್ನು ಮೆರೆಸುವುದು ಗೊತ್ತಿಲ್ಲದವರ ಕೆಲಸ. ಹೋಗಿಬಂದವರನ್ನು ಕೂರಿಸಿ ಕೇಳಿ. ಚಳಿಗೆ ಕಾಲ್ಬೆರಳು ಹೋದದ್ದು, ಪಕ್ಕದವನು ಸತ್ತದ್ದು, ಊರಿಗೆ ಬಂದ ಮೇಲೂ ಪಟಾಕಿ ಸದ್ದಿಗೆ ಎದ್ದು ಕೂರುವುದು, ಕುಡಿತಕ್ಕೆ ಬಿದ್ದದ್ದು, ರಜೆ ಮುಗಿದರೂ ಹೋಗದೆ ಅಡಗಿ ಕೂತದ್ದು, ಎಲ್ಲವೂ ಬರುತ್ತದೆ. ನಿಜ ಬರೆದಿಟ್ಟ ಊರಿನಲ್ಲಿ ಯುದ್ಧದ ಹುಚ್ಚು ಕಮ್ಮಿಯಾಗುತ್ತದೆಯೇ ಹೊರತು ಹೆಚ್ಚುವುದಿಲ್ಲ.

ಸಂಘಗಳು ಮಾಡಬೇಕಾದದ್ದು

ಒಂದು, ಒಂದು ದಪ್ಪ ರಟ್ಟಿನ ಪುಸ್ತಕ ತನ್ನಿ. ಒಬ್ಬೊಬ್ಬರಿಗೆ ಎರಡು ಪುಟ. ಹೆಸರು, ತಂದೆ ತಾಯಿ ಹೆಸರು, ಬೀದಿ, ಸೇರಿದ ವರ್ಷ, ರೆಜಿಮೆಂಟು, ಮಾಡಿದ ಕೆಲಸ, ಇದ್ದ ಜಾಗಗಳು, ಬಂದ ವರ್ಷ, ಆ ವರ್ಷಗಳಲ್ಲಿ ಮನೆ ನಡೆಸಿದವರು ಯಾರು.

ಎರಡು, ಹಿರಿಯರಿಗೆ ನೆನಪು ಜಾರಿದ್ದರೆ ಪದಕ ಕೇಳಿ. ಅಂಚಿನಲ್ಲೋ ಹಿಂಬದಿಯಲ್ಲೋ ಅವರ ನಂಬರು, ಹೆಸರು ಕೊರೆದಿರುತ್ತದೆ. ‘ಪೂರ್ವಿ ಸ್ಟಾರ್’ ಇದ್ದರೆ 1971ರಲ್ಲಿ ಬಾಂಗ್ಲಾ ಕಡೆ, ‘ಪಶ್ಚಿಮಿ ಸ್ಟಾರ್’ ಇದ್ದರೆ ಪಾಕಿಸ್ತಾನದ ಗಡಿ ಕಡೆ ಇದ್ದವರು. ‘ಸಮರ ಸೇವಾ ಸ್ಟಾರ್’, ‘ರಕ್ಷಾ ಮೆಡಲ್’ 1965ರವು. ಕಬ್ಬಿಣದ ಕರಿ ಟ್ರಂಕಿನ ತಳದಲ್ಲಿ ಡಿಸ್ಚಾರ್ಜ್ ಬುಕ್ ಸಿಗುತ್ತದೆ.

ಮೂರು, ನಿಮ್ಮ ಕೈಯಲ್ಲಿರುವ ಇದೇ ಫೋನಿನಲ್ಲಿ ಅವರ ಮಾತು ರೆಕಾರ್ಡ್ ಮಾಡಿ. 1971ರಲ್ಲಿ ಇಪ್ಪತ್ತು ವರ್ಷದವರಾಗಿದ್ದವರಿಗೆ ಈಗ ಎಪ್ಪತ್ತೈದರ ಸುಮಾರು. 1962ಕ್ಕೆ ಹೋದವರು ಎಂಬತ್ತು ದಾಟಿದ್ದಾರೆ. ಮುಂದಿನ ವರ್ಷ ನೋಡೋಣ ಅನ್ನುವ ಹಾಗಿಲ್ಲ.

ನಾಲ್ಕು, ಎಚ್ಚರ. ಡಿಸ್ಚಾರ್ಜ್ ಬುಕ್ಕಿನ ಫೋಟೊ, ಪಿಂಚಣಿ ನಂಬರು ವಾಟ್ಸಾಪಿಗೆ ಹಾಕಬೇಡಿ. ಈಗ ಸೇನೆಯಲ್ಲಿರುವವರು ಎಲ್ಲಿದ್ದಾರೆ ಎಂಬುದು ಪುಸ್ತಕದಲ್ಲೂ ಬೇಡ, ಸ್ಟೇಟಸ್‌ನಲ್ಲೂ ಬೇಡ. ಹೇಳಲು ಇಷ್ಟವಿಲ್ಲದವರನ್ನು ಬಲವಂತ ಮಾಡಬೇಡಿ.

ಐದು, ಬದುಕಿರುವವರ ಕೆಲಸ ಮಾಡಿಕೊಡಿ. ಪ್ರತಿ ಮಾಜಿ ಸೈನಿಕರ ಮನೆಗೆ, ಪ್ರತಿ ಸೈನಿಕರ ವಿಧವೆಯ ಮನೆಗೆ ಒಬ್ಬ ಸದಸ್ಯ ಎಂದು ಹಂಚಿಕೊಳ್ಳಿ. ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಗೆ ಅರ್ಜಿ, ಬ್ಯಾಂಕಿನ ಜೀವಂತ ಪ್ರಮಾಣಪತ್ರ, ಜಮೀನು ಮಂಜೂರಾತಿಯ ಹಳೆಯ ಕಡತ, ಇವಕ್ಕೆ ಜೊತೆಯಲ್ಲಿ ಹೋಗಿ. ಹಿಂದೆ ಕಾಗದ ಓದಿ ಹೇಳುತ್ತಿದ್ದ ಸಂಘಕ್ಕೆ ಇದು ಹೊಸ ಕೆಲಸವೇನಲ್ಲ.

ಮುಂದೆ ಬರುವವರಿಗೂ ಈ ಪುಸ್ತಕ ಬೇಕು. 2022ರ ಅಗ್ನಿಪಥ ಯೋಜನೆಯ ಪ್ರಕಾರ ಸೇನೆಗೆ ಸೇರಿದ ಹುಡುಗರ ಅವಧಿ 4 ವರ್ಷ. ಖಾಯಂ ಆಗುವುದು ನೂರಕ್ಕೆ 25ರವರೆಗೆ ಎಂದು ಆಗ ಹೇಳಿದ್ದರು. ಉಳಿದವರು ಇಪ್ಪತ್ಮೂರು, ಇಪ್ಪತ್ನಾಲ್ಕನೇ ವಯಸ್ಸಿಗೆ ಪಿಂಚಣಿ ಇಲ್ಲದೆ ಊರಿಗೆ ಬರುತ್ತಾರೆ. ಹೋಗುವಾಗ ಹಾರ ಹಾಕಿ ಡಿಜೆ ಹಚ್ಚಿದ ಸಂಘ, ಬಂದಾಗ ಏನು ಮಾಡುತ್ತದೆ? ಅವರನ್ನೂ ಮಿಲ್ಟ್ರಿ ಅಂತ ಅಡ್ಡಹೆಸರಿಟ್ಟು ಕಟ್ಟೆಗೆ ಕೂರಿಸುತ್ತದೆಯೋ, ಸಂಘದ ಕೋಣೆಯ ಬೀಗ ತೆಗೆದು ಒಳಗೆ ಕರೆಯುತ್ತದೆಯೋ?

ಮುಂದಿನ ಆಗಸ್ಟ್ 15ರೊಳಗೆ ಪುಸ್ತಕದ ಮೊದಲ ಭಾಗ ಮುಗಿಸಿ. ಅದರ ಒಂದು ಪ್ರತಿ ಶಾಲೆಗೆ, ಒಂದು ಪ್ರತಿ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಕೊಡಿ. ಧ್ವಜ ಏರಿಸಿದ ಮೇಲೆ ಅಧ್ಯಕ್ಷರ ಭಾಷಣಕ್ಕೂ ಮೊದಲು ಹೆಸರುಗಳನ್ನು ಓದಿಸಿ, ಬೀದಿಯ ಹೆಸರಿನ ಸಮೇತ, ಮನೆ ನಡೆಸಿದ ಹೆಂಗಸರ ಹೆಸರಿನ ಸಮೇತ. ಹತ್ತು ನಿಮಿಷದ ಕೆಲಸ. ಆ ವರ್ಷದ ಫ್ಲೆಕ್ಸ್ ದುಡ್ಡು ಪುಸ್ತಕಕ್ಕೆ ಧಾರಾಳವಾಗಿ ಸಾಕು.