ಚಳಿಗೆ ಸೋತದ್ದು ಕಾರಲ್ಲ

2024ರ ಜನವರಿ ಮಧ್ಯಭಾಗದಲ್ಲಿ ಶಿಕಾಗೊ ಪ್ರದೇಶದ ಉಷ್ಣತೆ ಮೈನಸ್ 18 ಡಿಗ್ರಿ ಸೆಲ್ಸಿಯಸ್‌ಗಿಂತಲೂ ಕೆಳಗಿಳಿಯಿತು. ಓಕ್ ಬ್ರೂಕ್, ಎವರ್‌ಗ್ರೀನ್ ಪಾರ್ಕ್‌ಗಳ ಚಾರ್ಜಿಂಗ್ ನಿಲ್ದಾಣಗಳಲ್ಲಿ ಟೆಸ್ಲಾ ಕಾರುಗಳು ಗಂಟೆಗಟ್ಟಲೆ ಸಾಲುಗಟ್ಟಿ ನಿಂತವು; ಕೆಲವನ್ನು ಎಳೆದೊಯ್ಯಬೇಕಾಯಿತು. ವಿದ್ಯುತ್ ಕಾರು ಚಳಿನಾಡಿಗೆ ತಕ್ಕುದಲ್ಲವೆಂಬ ತೀರ್ಪು ಕೂಡಲೇ ಹೊರಬಿತ್ತು. ಆ ತೀರ್ಪು ಅವಸರದ್ದು.

ಪೆಟ್ರೋಲ್ ಎಂಜಿನ್ ತಾನು ಪೋಲುಮಾಡುವ ಶಾಖದಿಂದಲೇ ಒಳಗಿನವರನ್ನು ಬೆಚ್ಚಗಿಡುತ್ತದೆ. ವಿದ್ಯುತ್ ಮೋಟಾರಿನಲ್ಲಿ ಅಷ್ಟು ಪೋಲಿಲ್ಲ. ಹಾಗಾಗಿ ಬೆಚ್ಚಗಿರಲು ಬ್ಯಾಟರಿಯನ್ನೇ ಕರಗಿಸಬೇಕು. ಸಾಮಾನ್ಯ ಹೀಟರ್ ಒಂದು ಯೂನಿಟ್ ವಿದ್ಯುತ್ತಿಗೆ ಒಂದು ಯೂನಿಟ್ ಶಾಖ ಕೊಡುತ್ತದೆ. ಹೀಟ್ ಪಂಪ್ ಫ್ರಿಜ್ಜಿನಂತೆಯೇ ಕೆಲಸಮಾಡಿ ಹೊರಗಾಳಿಯ ಶಾಖವನ್ನು ಒಳಗೆ ಸಾಗಿಸುವುದರಿಂದ, ಸಾಧಾರಣ ಚಳಿಯಲ್ಲಿ ಎರಡು ಮೂರು ಯೂನಿಟ್ ಶಾಖ ದೊರಕಿಸಬಲ್ಲದು. ಚಳಿ ಕಡುವಾದಷ್ಟೂ ಈ ಲಾಭ ಕುಗ್ಗುತ್ತದೆ. ಟೆಸ್ಲಾದ ಮಾಡೆಲ್ ವೈ ಕಾರಿಗೆ 2020ರಿಂದಲೇ ಹೀಟ್ ಪಂಪ್ ಇದೆ. ಆದರೆ ಹೆಪ್ಪುಗಟ್ಟುವ ಚಳಿಯಲ್ಲಿ ರಾತ್ರಿಯಿಡೀ ಬೀದಿಯಲ್ಲಿ ನಿಂತ ಬ್ಯಾಟರಿ, ಮೊದಲು ಬೆಚ್ಚಗಾಗದೆ, ವೇಗದ ಚಾರ್ಜಿಂಗನ್ನು ಸ್ವೀಕರಿಸದು.

ಈ ತಂತ್ರಜ್ಞಾನದ ಹಂಚಿಕೆಯಲ್ಲಿಯೂ ವರ್ಗಭೇದವಿದೆ. ಡೆಟ್ರಾಯಿಟ್ ಸಮೀಪದ ಓರಿಯನ್ ಕಾರ್ಖಾನೆಯಲ್ಲಿ 2023ರವರೆಗೆ ತಯಾರಾದ ಷೆವಿ ಬೋಲ್ಟ್, ಅಮೆರಿಕದ ಅಗ್ಗದ ವಿದ್ಯುತ್ ಕಾರುಗಳಲ್ಲೊಂದು. ಅದಕ್ಕೆ ಹೀಟ್ ಪಂಪ್ ಇರಲಿಲ್ಲ. ಮಿತವ್ಯಯ ಅತ್ಯಗತ್ಯವಾದವರಿಗೇ ಮಿತವ್ಯಯದ ಸಾಧನ ದಕ್ಕಲಿಲ್ಲ.

ಅದಕ್ಕಿಂತ ದೊಡ್ಡ ಭೇದ ಗ್ಯಾರೇಜಿನದು. ನೇಪರ್‌ವಿಲ್‌ನಲ್ಲೋ ನೋವೈಯಲ್ಲೋ ಸ್ವಂತ ಮನೆಯುಳ್ಳ ಕನ್ನಡಿಗರು ರಾತ್ರಿ ಪ್ಲಗ್ ಸಿಕ್ಕಿಸಿ, ಬೆಳಿಗ್ಗೆ ಹೊರಡುವ ಮುನ್ನ ಮನೆಯ ವಿದ್ಯುತ್ತಿನಿಂದಲೇ ಕಾರನ್ನು ಬೆಚ್ಚಗಾಗಿಸಿಕೊಳ್ಳಬಲ್ಲರು. ಶಿಕಾಗೊದ ಹಳೆಯ ಮೂರಂತಸ್ತಿನ ಕಟ್ಟಡದಲ್ಲಿ ಬಾಡಿಗೆಗಿದ್ದು, ಕಾರನ್ನು ಬೀದಿಯಲ್ಲಿ ನಿಲ್ಲಿಸುವ ಟ್ಯಾಕ್ಸಿ ಚಾಲಕನಿಗೆ ಸಾರ್ವಜನಿಕ ನಿಲ್ದಾಣವೇ ಗತಿ. ಚಳಿ ಇಬ್ಬರಿಗೂ ಒಂದೇ, ಪಾಡು ಒಂದೇ ಅಲ್ಲ.

ನಾರ್ವೆ ಶಿಕಾಗೊಗಿಂತ ಬೆಚ್ಚಗಿನ ನಾಡೇನಲ್ಲ; ಆದರೂ ಅಲ್ಲಿ 2024ರಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಹತ್ತಿರಹತ್ತಿರ ಶೇ. 89 ವಿದ್ಯುತ್ ಕಾರುಗಳು. ಚಾರ್ಜಿಂಗ್ ವ್ಯವಸ್ಥೆಯನ್ನು ಆ ದೇಶ ಕಾರು ಕೊಳ್ಳುವವರ ಖಾಸಗಿ ಚಿಂತೆಯೆಂದು ಬಿಟ್ಟುಬಿಡಲಿಲ್ಲ. ಇಲಿನಾಯ್ ರಾಜ್ಯದಲ್ಲಿ 2024ರ ಜನವರಿ 1ರಂದು ಜಾರಿಗೆ ಬಂದ ಕಾನೂನು ಮುಖ್ಯವಾಗಿ ಹೊಸ ಕಟ್ಟಡಗಳಿಗೆ ಅನ್ವಯಿಸುತ್ತದೆ. ಬಾಡಿಗೆದಾರರಲ್ಲಿ ಬಹುಪಾಲು ಜನರಿರುವುದು ಹಳೆಯ ಕಟ್ಟಡಗಳಲ್ಲಿ.

ಪರಿಸರದ ಪರವಾಗಿ ಮಾತನಾಡುವ ವಲಸಿಗ ಮಧ್ಯಮವರ್ಗ ತನ್ನ ಗ್ಯಾರೇಜಿನಾಚೆಗೂ ನೋಡಬೇಕಾಗಿದೆ. ಪ್ರತಿ ಕಾರಿಗೂ ಹೀಟ್ ಪಂಪ್ ಬರಲಿ. ಅದರೊಂದಿಗೆ ಬಾಡಿಗೆದಾರರ ಬೀದಿಗೂ ಪ್ಲಗ್ ಬರಬೇಕೆಂದು ನಗರಸಭೆಗಳಲ್ಲಿ ಒತ್ತಾಯಿಸುವುದು ಆ ವರ್ಗದ ಹೊಣೆ.